ಹಿತ್ತಲ ಮನಿ ಕೀಲಿಕೈ ಯಾರ ಕಡೆ?



ಈ ವರ್ಷ ನಮ್ಮ ಓಣ್ಯಾಗ ಎರಡು ಮನಿ ಹಿತ್ತಲದಾಗ ಪಾಯಾ ತಗದಾರ. ಎರಡೂ ವಯಸ್ಸಾದ ಅವ್ವಂದ್ರ ಸಲುವಾಗಿ. ಒಂದು ಖೋಲಿ, ಒಂದು ಸಣ್ಣ ಅಡಿಗಿಕಟ್ಟಿ, ಮಗ್ಗಲಕ್ಕ ಬಚ್ಚಲಾ ಸಂಡಾಸ, ಮುಂದ ಬಿಸಲಿಗೆ ಕೂಡ್ಲಿಕ್ಕೆ ಒಂದು ಕಟ್ಟಿ, ಅಷ್ಟ. ಪಾಯಾ ತಗಿಯೂದರಾಗ ಓಣ್ಯಾಗ ಎರಡು ಮಾತು ಸುರು ಆದ್ವು. ಒಬ್ಬರು ಅಂದ್ರು, "ಎಷ್ಟು ಛಂದ ನೋಡ್ಕೋತಾರ ನೋಡು". ಇನ್ನೊಬ್ಬರು ಅಂದ್ರು, "ಹೆತ್ತವ್ವನ್ನ ಹಿತ್ತಲಕ್ಕ ಹಾಕ್ಲಿಕ್ಕತ್ತಾರ". ಒಂದೇ ಪಾಯಾ, ಎರಡು ಅರ್ಥ.

ಈ ಎರಡು ಮಾತಿನ ಜಗಳಾ ಇವತ್ತಿನದಲ್ಲ. ಹಿರ್ಯಾರಿಗೆ ಬ್ಯಾರೆ ಸಣ್ಣ ಮನಿ ಕಟ್ಟೂದು ಅಮೇರಿಕಾದಿಂದ ಬಂದ ಹೊಸಾ ಫ್ಯಾಶನ್ನು ಅಂತ ಭಾಳ ಮಂದಿ ತಿಳ್ಕೊಂಡಾರ. ಹಂಗೇನಿಲ್ಲ. ಯುರೋಪದ ಒಕ್ಕಲಿಗರು, ಜಪಾನದ ಹಳ್ಳಿ ಮಂದಿ, ಇಂಗ್ಲಂಡದ ರಾಣಿ ಮನಿತನದವರು, ಎಲ್ಲಾರೂ ಇದನ್ನ ಮಾಡಿದವರ. ಅವರ ಇತಿಹಾಸಾ ಓದಿಕೋತ ಹೋದ್ರ ಒಂದು ಮಾತು ತಿರಗಾ-ಮುರಗಾ ಕಣ್ಣಿಗೆ ಬೀಳ್ತದ. ಆ ಸಣ್ಣ ಮನಿ ಗೌರವದ ಮನಿ ಆತೋ, ವನವಾಸ ಆತೋ ಅನ್ನೋದು ಗ್ವಾಡಿ ಮ್ಯಾಲ ನಿಂತಿರ್ಲಿಲ್ಲ. ಆ ಮನಿ ಒಳಗ ಹಿರ್ಯಾರ ಹಕ್ಕು ಏನು ಅನ್ನೋದನ್ನ ಮೊದಲ ಬಾಯಿಬಿಟ್ಟು ಮಾತಾಡಿ, ಗಟ್ಟಿ ಮಾಡಿಟ್ಟಿದ್ರೋ ಇಲ್ಲೋ ಅನ್ನೋದರ ಮ್ಯಾಲ ನಿಂತಿತ್ತು.

ಮೊದಲ ನಮ್ಮ ಕಡೆ ನೋಡೋಣು. ನಮ್ಮ ಶಾಸ್ತ್ರದಾಗ ವಯಸ್ಸಾದವರಿಗೆ ಹೇಳಿದ ಜಾಗಾ ಹಿತ್ತಲಾ ಅಲ್ಲ, ಅಡವಿ. ಕೂದಲಾ ಬೆಳ್ಳಗಾಗಿ, ಚರ್ಮಾ ಸುಕ್ಕುಗಟ್ಟಿ, ಮಕ್ಕಳ ಮಕ್ಕಳ ಮಾರಿ ನೋಡಿದ ಮ್ಯಾಲ ಗೃಹಸ್ಥ ಅಡವಿಗೆ ಹೋಗಬೇಕು, ಹೆಂಡ್ತಿನ್ನ ಮಕ್ಕಳ ಕಡೆ ಬಿಡಬೇಕು ಇಲ್ಲಾ ಸಂಗತೀಲೆ ಕರಕೊಂಡು ಹೋಗಬೇಕು ಅಂತ ಮನುಸ್ಮೃತಿಯ ಆರನೇ ಅಧ್ಯಾಯ ಹೇಳ್ತದ. ಆದ್ರ ಮಹಾಭಾರತದ ಆಶ್ರಮವಾಸಿಕ ಪರ್ವ ಇದಕ್ಕಿಂತ ಖರೇ ಸಂಸಾರದ ಕಥಿ ಹೇಳ್ತದ. ಯುದ್ಧ ಮುಗದ ಮ್ಯಾಲ ಧೃತರಾಷ್ಟ್ರ-ಗಾಂಧಾರಿ ಹದಿನೈದು ವರ್ಷ ಧರ್ಮರಾಯನ ಆಶ್ರಯದಾಗ ಇದ್ರು. ಊಟಕ್ಕ, ಅರಿವಿಗೆ, ಹಾಸಿಗಿಗೆ ಯಾತಕ್ಕೂ ಕಡಿಮಿ ಇರ್ಲಿಲ್ಲ. ಕುಂತಿ ತಾನ ನಿಂತು ಗಾಂಧಾರಿ ಸೇವಾ ಮಾಡ್ತಿದ್ಲು. ಆದ್ರ ಭೀಮಗ ಮಾತ್ರ ಹಳೇ ಸಿಟ್ಟು ಹೋಗಿರ್ಲಿಲ್ಲ. ತೋಳು ತಟ್ಟಿಕೊಂಡು, ಇದೇ ತೋಳಿನಿಂದ ಇವನ ಮಕ್ಕಳ್ನ ಕೊಂದೆ ಅಂತ ಮುದುಕನ ಕಿವಿಗೆ ಬೀಳೂಹಂಗ ಅಂತಿದ್ದ. ಕಡೀಕ ಧೃತರಾಷ್ಟ್ರ ತಾನ ಅಡವಿಗೆ ಹೋಗ್ತೀನಿ ಅಂತ ಧರ್ಮರಾಯನ ಅಪ್ಪಣಿ ಕೇಳಿದ. ಗಾಂಧಾರಿ ಹೋದ್ಲು, ಸಂಗತೀಲೆ ಕುಂತಿನೂ ಹೋದ್ಲು. ಅರಮನ್ಯಾಗ ಎಲ್ಲಾ ಇತ್ತು, ಮಾತು ಬ್ಯಾಸರಾದಾಗ ಹಾಕ್ಕೊಂಡು ಕೂಡ್ಲಿಕ್ಕೆ ತಂದು ಅನ್ನೋ ಒಂದು ಬಾಗಲಾ ಇರ್ಲಿಲ್ಲ.

ನಮ್ಮ ಹಳೇ ವಾಡೇದಂಥಾ ಮನಿಗಳೊಳಗ ಹಿರ್ಯಾರಿಗೆ ಬ್ಯಾರೆ ಮನಿ ಇರ್ಲಿಲ್ಲ, ಬ್ಯಾರೆ ಜಾಗಾ ಇರ್ತಿತ್ತು. ಯಜಮಾನ ಮುದುಕಗ ಪಡಸಾಲಿ, ಅಲ್ಲಿ ಗಾದಿ, ಲೋಡು. ಮುದಕಿಗೆ ನಡಮನಿ. ಆಕಿ ಅಧಿಕಾರ ಇದ್ದದ್ದು ಸೊಂಟಕ್ಕ ಸಿಗಿಸಿದ ಕೀಲಿಕೈ ಗೊಂಚಲದಾಗ. ತುಪ್ಪಾ, ಬೆಲ್ಲಾ, ಶ್ಯಾವಿಗಿ ಇಟ್ಟ ಖೋಲಿ ಯಾವಾಗ ತಗಿಬೇಕು ಅನ್ನೋದು ಆಕಿ ಮಾತು. ಆ ಗೊಂಚಲಾ ಸೊಸಿ ಕೈಗೆ ಹೋದ ದಿನಾನ ಮನಿ ಕೈ ಬದಲಾತು ಅಂತ ಎಲ್ಲಾರಿಗೂ ತಿಳೀತಿತ್ತು. ಅತ್ತಿಗೊಂದು ಕಾಲ, ಸೊಸಿಗೊಂದು ಕಾಲ ಅನ್ನೋ ಗಾದಿ ಇದಕ್ಕ ಬಂದದ್ದು.

ಆದ್ರ ಗಂಡಾ ಸತ್ತ ಹೆಣ್ಣುಮಕ್ಕಳ ಕಥಿ ಬ್ಯಾರೆ. ಎಷ್ಟೋ ಮನ್ಯಾಗ ಅವರ ಪಾಲಿಗೆ ಬಂದದ್ದು ಹಿಂದಿನ ಕತ್ತಲಿ ಖೋಲಿ. ಹಳೇ ಹಿಂದೂ ಕಾಯದೆ ಪ್ರಕಾರ ಕೂಡಿದ ಮನಿತನದ ವಿಧವೆಗೆ ಇದ್ದದ್ದು ಹೊಟ್ಟಿ-ಬಟ್ಟಿ ಮತ್ತ ಆ ಮನ್ಯಾಗ ಇರೂ ಹಕ್ಕು ಇಷ್ಟ, ಆಸ್ತಿಯೊಳಗ ಪಾಲಿಲ್ಲ. ಮೈಸೂರು ಸಂಸ್ಥಾನದಾಗ 1933ರಾಗ ಹಿಂದೂ ಹೆಣ್ಣುಮಕ್ಕಳ ಹಕ್ಕಿನ ಕಾಯದೆ ಬಂತು. ನಮ್ಮ ಧಾರವಾಡ ಆಗ ಮುಂಬೈ ಪ್ರಾಂತ್ಯದಾಗ ಇತ್ತು, ಬ್ರಿಟಿಷ್ ಇಂಡಿಯಾಕ್ಕ 1937ರ ಕಾಯದೆ ಬಂತು. ಅದರಿಂದ ವಿಧವೆಗೆ ಗಂಡನ ಪಾಲಿನ ಮ್ಯಾಲ ಜೀವ ಇರೂತನಕಾ ಹಕ್ಕು ಸಿಕ್ತು, ಆದ್ರ ತನ್ನ ಮನಸಿಗೆ ಬಂದಂಗ ಮಾರೂಹಂಗಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯದೆ ಬಂದಾಗ ಅದು ಪೂರ್ತಿ ಆಕೀದು ಆತು. ಅಂದ್ರ ಈಗ ಎಂಬತ್ತು ದಾಟಿದ ನಮ್ಮ ಅವ್ವಂದ್ರು ಹುಟ್ಟಿದಾಗ ಈ ಹಕ್ಕು ಇನ್ನಾ ಹುಟ್ಟಿರ್ಲಿಲ್ಲ. "ನನಗ ಯಾಕ ಬೇಕು ಕಾಗದಾ-ಪತ್ರಾ, ನೀವು ಇದ್ದೀರಲ್ಲ" ಅಂತ ಅವರು ಅನ್ನೂದರ ಹಿಂದ ಈ ಇತಿಹಾಸಾನೂ ಅದ.

ಈಗ ಸಮುದ್ರದಾಚೆ ಹೋಗೋಣು. ಕಾಗದಾ-ಪತ್ರಾ ಅಂದ್ರ ನಾವು ಅಪನಂಬಿಕಿ ಅಂತ ತಿಳೀತೀವಿ. ಯುರೋಪದ ಒಕ್ಕಲಿಗರು ಹಂಗ ತಿಳೀಲಿಲ್ಲ. ಇಂಗ್ಲಂಡದಾಗ 13 ಮತ್ತು 14ನೇ ಶತಮಾನದ ಊರ ಜಮೀನ್ದಾರನ ಕೋರ್ಟಿನ ದಫ್ತರ ಉಳದಾವ. ಅದರೊಳಗ ವಯಸ್ಸಾದ ತಂದಿನೋ, ವಿಧವೆ ತಾಯಿನೋ ಹೊಲಾ ಮಗಗ ಬಿಟ್ಟುಕೊಟ್ಟು, ಅದಕ್ಕ ಬದಲಿ ತನಗ ಏನು ಬೇಕು ಅಂತ ಎಲ್ಲಾರ ಮುಂದ ಹೇಳಿ ಬರಸಿದ ಕರಾರು ಸಿಗ್ತಾವ. ಇರ್ಲಿಕ್ಕೆ ಒಂದು ಖೋಲಿ ಇಲ್ಲಾ ಸಣ್ಣ ಗುಡಿಸಲಾ, ವರ್ಷಕ್ಕ ಇಷ್ಟು ಕಾಳು, ಉರುವಲಾ, ಅರಿವಿ. ಮಗ ಮಾತು ತಪ್ಪಿದ್ರ ಮುದಕಿ ಅದೇ ಕೋರ್ಟಿಗೆ ಹೋಗಬಹುದಿತ್ತು. ಹೊಲಾ ತಿರುಗಿ ಆಕಿ ಕೈಗೆ ಬರೂ ಪ್ರಸಂಗಾನೂ ಇದ್ವು.

ಜರ್ಮನಿ, ಆಸ್ಟ್ರಿಯಾ ಕಡೆ ಈ ಪದ್ಧತಿ ಭಾಳ ಬೆಳೀತು. ಅಲ್ಲಿ ಭಾಳ ಕಡೆ ಹೊಲಾ ಅಣ್ಣ-ತಮ್ಮಂದ್ರೊಳಗ ಹರಿದು ಹಂಚೂಹಂಗಿರ್ಲಿಲ್ಲ, ಒಬ್ಬ ಮಗಗ ಇಡೀ ಹೋಗ್ತಿತ್ತು. ಹೊಲಾ ಕೈಗೆ ಬರೂತನಕಾ ಆ ಮಗಗ ಲಗ್ನಾ ಆಗೂದು ಕಠಿಣ. ಅದಕ್ಕ ಅಪ್ಪ-ಅವ್ವ ಇನ್ನೂ ಗಟ್ಟಿ ಇದ್ದಾಗನ ಒಕ್ಕಲತನಾ ಬಿಟ್ಟುಕೊಟ್ಟು ಹಿಂದ ಸರೀತಿದ್ರು. ಸೊಸಿ ದೊಡ್ಡ ಮನಿಗೆ ಬಂದ್ಲು ಅಂದ್ರ ಅತ್ತಿ-ಮಾವ ಅಂಗಳದ ಇನ್ನೊಂದು ಮಗ್ಗಲದ ಸಣ್ಣ ಮನಿಗೆ ಹೋಗ್ತಿದ್ರು. ಹಂಗ ಹಿರ್ಯಾರಿಗೆ ಇಟ್ಟ ಪಾಲಿಗೆ ಜರ್ಮನಿಯೊಳಗ ಆಲ್ಟನ್‌ಟೈಲ್ ಅಂತಾರ, ಅಂದ್ರ ಮುದುಕರ ಪಾಲು. ಆಸ್ಟ್ರಿಯಾದಾಗ ಆಸ್‌ಗೆಡಿಂಗೆ ಅಂತಾರ.

ಆ ಕರಾರಿನೊಳಗ ಏನೇನು ಬರೀತಿದ್ರು ಕೇಳಿದ್ರ ನಮ್ಮ ಅವ್ವಂದ್ರು ಕೂತು ಬರಸಿದಂಗ ಅನಸ್ತದ. ವರ್ಷಕ್ಕ ಇಷ್ಟು ರೈ, ಇಷ್ಟು ಗೋಧಿ. ದಿನಕ್ಕ ಇಷ್ಟು ಹಾಲು. ಇಷ್ಟು ತತ್ತಿ, ಉಪ್ಪು, ಬೆಣ್ಣಿ. ಕಟಿಗಿ ಕಡದು, ಬಾಗಲಕ್ಕ ತಂದು ಹಾಕಬೇಕು. ಹಿತ್ತಲದ ಇಷ್ಟು ಮಡಿ ಅವರ ಕಾಯಿಪಲ್ಯಾಕ್ಕ. ಇಂಥಾ ಗಿಡದ ಸೇಬು ಅವರಿಗೆ. ಬಾಂವಿಗೆ ಹೋಗೂ ದಾರಿ ಅವರಿಗೂ ತೆರದಿರಬೇಕು. ಚಳಿಗಾಲದಾಗ ದೊಡ್ಡ ಮನಿ ಒಲಿ ಮುಂದ ಕೂಡೂ ಹಕ್ಕು. ಜಡ್ಡಾದ್ರ ಆರೈಕಿ, ಸತ್ತ ಮ್ಯಾಲ ಮರ್ಯಾದಿಲೆ ಮಣ್ಣು. ಕೆಲವು ಕರಾರಿನೊಳಗ, ಒಂದೇ ಮನ್ಯಾಗ ಕೂಡಿ ಇರ್ಲಿಕ್ಕೆ ಬಗಿಹರೀಲಿಲ್ಲಂದ್ರ ಏನು ಮಾಡೋದು ಅನ್ನೋದನ್ನೂ ಮೊದಲ ಬರದು ಇಡ್ತಿದ್ರು. ಜಗಳಾ ಬರ್ತದ ಅಂತ ಒಪ್ಪಿಕೊಂಡು, ಬರೂಕಿಂತ ಮೊದಲ ಅದಕ್ಕೂ ಒಂದು ಕಲಮು!

ಆ ಮಂದಿ ಎಲ್ಲಾರೂ ಪ್ರೀತಿ ಇಲ್ಲದವರೇನಲ್ಲ. ಹಸಿವಿ, ಬರ, ಎರಡನೇ ಸೊಸಿ, ಮಗನ ಸಾವು, ಇವೆಲ್ಲಾ ಪ್ರೀತೀನ್ನ ಹೆಂಗ ಅಲಗ್ಯಾಡಸ್ತಾವ ಅಂತ ಅವರಿಗೆ ಗೊತ್ತಿತ್ತು. ಗ್ರಿಮ್ ಅಣ್ಣ-ತಮ್ಮಂದ್ರು 1812ರಾಗ ಅಚ್ಚು ಹಾಕಿಸಿದ ಕಥಿಗಳೊಳಗ ಒಂದು ಮುದುಕನ ಕಥಿ ಅದ. ಕೈ ನಡಗಿ ತಾಟು ಒಡಿತಾನ ಅಂತ ಮಗ-ಸೊಸಿ ಅವಗ ಅಗ್ಗದ ಕಟಿಗಿ ಬಟ್ಟಲದಾಗ ಊಟಾ ಹಾಕ್ತಾರ. ಮೊಮ್ಮಗ ಕಟಿಗಿ ತುಂಡು ಕೂಡಿಸ್ಲಿಕ್ಕೆ ಹತ್ತತಾನ. ಏನು ಮಾಡ್ತೀಯೋ ಅಂದ್ರ, ನೀವು ಮುದುಕರಾದಾಗ ನಿಮಗ ಬೇಕಲ್ಲ ಅಂತಾನ. ನಮ್ಮ ಕಡೆ ಇದನ್ನ ಪರಟಿ ಕಥಿ ಅಂತ ಎಲ್ಲಾರೂ ಕೇಳೀವಿ. ಬಟ್ಟಲದ ಬದಲಿ ತೆಂಗಿನ ಪರಟಿ, ಅಷ್ಟ ಫರಕು. ಎರಡು ದೇಶದ ಮುದುಕರ ಅಂಜಿಕಿ ಒಂದೇ.

ಎಲ್ಲಾ ಕೊಟ್ಟು ಬರೇ ಮಾತಿನ ಮ್ಯಾಲ ಕೂತವರ ಕಥಿ ಅಂದ್ರ ಶೇಕ್ಸ್‌ಪಿಯರನ ಲಿಯರ್ ರಾಜಂದು. ರಾಜ್ಯ ಹೆಣ್ಣುಮಕ್ಕಳಿಗೆ ಹಂಚಿ, ತಿಂಗಳಾ ಒಬ್ಬಾಕಿ ಮನ್ಯಾಗ ಇರ್ತೀನಿ, ನನ್ನ ಸಂಗಾಟ ನೂರು ಮಂದಿ ಸರದಾರರು ಇರ್ತಾರ ಅಂತ ಹೇಳಿದ. ನೂರು ಹೋಗಿ ಐವತ್ತಾತು, ಇಪ್ಪತ್ತೈದಾತು, ಕಡೀಕ ಒಬ್ಬ ತಾನ ಯಾಕ ಬೇಕು ಅನ್ನೂತನಕಾ ಬಂತು. ಕೊಟ್ಟಂವಾ ಕೋಡಂಗಿ, ಇಸ್ಕೊಂಡಂವಾ ಈರಭದ್ರ ಅಂತ ನಾವು ಅನ್ನೂದು ಇದನ್ನ.

ಉತ್ತರದ ದೇಶಗಳೊಳಗೂ ಇದೇ ಪದ್ಧತಿ ಇತ್ತು, ಹೆಸರು ಬ್ಯಾರೆ ಬ್ಯಾರೆ. ಡೆನ್ಮಾರ್ಕದಾಗ ಆಫ್ಟೆಗ್ಟ್, ಫಿನ್ಲಂಡದಾಗ ಸೂಟಿಂಕಿ, ಸ್ವೀಡನ್‌ದಾಗ ಉಂಡನ್‌ಟಾಗ್. ಈ ಸ್ವೀಡನ್ನದ ಶಬ್ದದ ಅರ್ಥ "ತಗದಿಟ್ಟದ್ದು". ಹೊಲಾ ಕೊಟ್ಟೆ, ಇಷ್ಟು ಮಾತ್ರ ನಂದು ಅಂತ ತಗದಿಟ್ಟೆ ಅಂತ. ನಾರ್ವೆದಾಗ ಒಕ್ಕಲತನದ ಅಂಗಳದಾಗ ಹಿರ್ಯಾರಿಗೆ ಇರೂ ಎರಡನೇ ಮನಿಗೆ ಇವತ್ತಿಗೂ ಕೋರ್‌ಬೂಲಿಗ್ ಅಂತನ ಕರೀತಾರ. ಜರ್ಮನಿಯೊಳಗ ಮುದುಕರ ಪಾಲನ್ನ ಇವತ್ತಿಗೂ ಜಮೀನಿನ ದಾಖಲಿಯೊಳಗ ನೋಂದಸಬಹುದು, ನಮ್ಮ ಉತಾರದ ಮ್ಯಾಲ ಬೋಜಾ ಏರಸಿದಂಗ.

ಇನ್ನ ಜಪಾನ. ಅಲ್ಲಿ ಯಜಮಾನಕಿ ಬಿಟ್ಟು ಹಿಂದ ಸರಿಯೂದಕ್ಕ ಇಂಕ್ಯೋ ಅಂತಾರ. ಶಬ್ದದ ಅರ್ಥ ಮರ್‍ಯಾಗ ಇರೂದು. ದೊಡ್ಡ ಮನಿಗೆ ಓಮೋಯಾ, ಅದರ ಮಗ್ಗಲಕ್ಕೋ ಹಿಂದೋ ಹಿರ್ಯಾರು ಇರೂ ಸಣ್ಣ ಮನಿಗೆ ಇಂಕ್ಯೋ-ಯಾ. ಪಡುವಣ ಜಪಾನದ ಕೆಲವು ಊರಾಗ ಮುದುಕ-ಮುದಕಿ ಸಣ್ಣ ಮನಿಗೆ ಹೋದ್ರ ಅಲ್ಲೇ ಬ್ಯಾರೆ ಒಲಿ ಹಚ್ಚತಿದ್ರು. ಜಗಳಾಡಿ ಬ್ಯಾರೆ ಒಲಿ ಅಲ್ಲ, ರೀತಿನ ಹಂಗ. 1898ರ ಜಪಾನದ ಸಿವಿಲ್ ಕಾಯದೆಯೊಳಗ ಇದಕ್ಕ ನಿಯಮಾನೂ ಇತ್ತು. ಮನಿ ಯಜಮಾನಗ ಅರವತ್ತು ತುಂಬಿರಬೇಕು, ಜವಾಬ್ದಾರಿ ಹೊರೂವಂಥಾ ವಾರಸುದಾರ ಒಪ್ಪಿರಬೇಕು, ಆವಾಗ ಮಾತ್ರ ಇಂಕ್ಯೋ. ಎರಡನೇ ಮಹಾಯುದ್ಧದ ಮ್ಯಾಲ, 1947ರ ತಿದ್ದುಪಡಿಯೊಳಗ, ಯಜಮಾನಕಿ ಪದ್ಧತಿನ ಹೋತು, ಅದರ ಸಂಗತೀಲೆ ಈ ನಿಯಮಾನೂ ಹೋತು.

ಜಪಾನದ ಹೆಣ್ಣುಮಕ್ಕಳ ಕಡೆ ಇದರದೊಂದು ಛಂದನ ಪದ್ಧತಿ ಇತ್ತು. ಅತ್ತಿ ಅಡಿಗಿಮನಿ ಅಧಿಕಾರ ಬಿಡೂವಾಗ ಅನ್ನಾ ಬಡಸೂ ಹುಟ್ಟು ಸೊಸಿ ಕೈಗೆ ಕೊಡ್ತಿದ್ಲು. ಅಲ್ಲೀತನಕಾ ಯಾರಿಗೆ ಎಷ್ಟು ಅನ್ನಾ ಅಂತ ಬಡಸೂದು ಅತ್ತಿ ಹಕ್ಕು. ನಮ್ಮ ಕೀಲಿಕೈ ಗೊಂಚಲಾನ ಅದು! ಫರಕು ಏನಂದ್ರ, ಹುಟ್ಟು ಕೊಟ್ಟು ಸಣ್ಣ ಮನಿಗೆ ಹೋದ ಅತ್ತಿಗೆ ಅಲ್ಲಿ ತಂದೇ ಒಲಿ ಇದ್ರ ತನ್ನ ಹುಟ್ಟೂ ಇರ್ತಿತ್ತು. ನಮ್ಮಲ್ಲಿ ಗೊಂಚಲಾ ಕೊಟ್ಟಾಕಿ ಕೈ ಬರಿದಾಗ್ತಿತ್ತು.

ಹಿಂದ ಸರಿಯೂದು ಅಂದ್ರ ಮೂಲಿ ಹಿಡಿಯೂದು ಅಂತಲ್ಲ. ಇನೋ ತಾದಾತಾಕಾ ಅನ್ನೋ ವ್ಯಾಪಾರಸ್ಥ ಐವತ್ತರ ಹತ್ತರ ಮನಿ ವ್ಯವಹಾರ ಮಗಗ ಬಿಟ್ಟು, ಎಡೋ ಅಂದ್ರ ಈಗಿನ ಟೋಕಿಯೋಕ್ಕ ಹೋಗಿ ನಕ್ಷತ್ರಶಾಸ್ತ್ರ ಕಲ್ತ. 1800ರಾಗ, ಐವತ್ತೈದನೇ ವಯಸ್ಸಿಗೆ, ಜಪಾನದ ದಂಡಿಗುಂಟ ನಡಕೋತ ಅಳತಿ ಸುರು ಮಾಡಿದ. ಅವನ ಅಳತಿ ಮ್ಯಾಲ ತಯಾರಾದ ನಕಾಶಾ ಅವ ತೀರಿಕೊಂಡ ಮ್ಯಾಲ 1821ರಾಗ ಮುಗೀತು. ನಮ್ಮ ಅವ್ವಂದ್ರು ನಕಾಶಾ ತಗಿಯೂದು ಬ್ಯಾಡ. ಆದ್ರ ಸಣ್ಣ ಮನ್ಯಾಗ ಅವರ ಹೊಲಿಗಿ ಮಶೀನು, ಭಜನಾ ಮಂದಿ ಕೂಡೂ ಜಾಗಾ, ನಾಕು ಕುಂಡಿ ಗಿಡ ಇವಕ್ಕ ಕಟ್ಟೂವಾಗನ ಜಾಗಾ ಹಿಡಿರಿ. ಬರೇ ಹಾಸಿಗಿ ಅಳತೀಲೆ ಖೋಲಿ ಹಾಕಿಸಿದ್ರ ಅದು ದವಾಖಾನಿ ವಾರ್ಡು ಆಗ್ತದ.

ದೊಡ್ಡ ಮಂದಿ ಮನ್ಯಾಗೂ ಇದು ಇತ್ತು. ಇಂಗ್ಲಂಡದ ಹಳೇ ಕಾಯದೆಯೊಳಗ ವಿಧವೆಗೆ ಗಂಡನ ಭೂಮಿಯ ಮೂರನೇ ಒಂದು ಪಾಲು ಜೀವ ಇರೂತನಕಾ ಸಿಗ್ತಿತ್ತು, ಅದಕ್ಕ ಡವರ್ ಅಂತಿದ್ರು. ಶ್ರೀಮಂತರು ತಮ್ಮ ಹೊಲಾ-ತ್ವಾಟದೊಳಗನ ವಿಧವೆ ತಾಯಿಗೆ ಅಂತ ಬ್ಯಾರೆ ಮನಿ ಇಡ್ತಿದ್ರು, ಅದು ಡವರ್ ಹೌಸು. ಮಗನ ಲಗ್ನಾಗಿ ಹೊಸಾ ಯಜಮಾನ್ತಿ ದೊಡ್ಡ ಮನಿಗೆ ಬಂದ್ರ, ವಿಧವೆ ಅತ್ತಿ ಅಲ್ಲಿಗೆ. ವಿಕ್ಟೋರಿಯಾ ರಾಣಿ ತಾಯಿ, ಕೆಂಟಿನ ಡಚೆಸ್, 1841ರಿಂದ 1861ರಾಗ ತೀರಿಕೊಳ್ಳೂತನಕಾ ವಿಂಡ್ಸರ್ ಅರಮನಿ ಹತ್ತರದ ಫ್ರಾಗ್‌ಮೋರ್ ಹೌಸಿನೊಳಗ ಇದ್ಲು. ವಿಕ್ಟೋರಿಯಾ ಪಟ್ಟಕ್ಕ ಬಂದ ಹೊಸದಾಗಿ ತಾಯಿ-ಮಗಳು ಮಾರಿ ನೋಡಿ ಮಾತಾಡೂದು ಕಷ್ಟ ಇತ್ತು. ಮೊಮ್ಮಕ್ಕಳು ಹುಟ್ಟಿದ್ರು, ಇಬ್ಬರ ನಡುವ ಒಂದಿಷ್ಟು ಜಾಗಾನೂ ಬಂತು, ಸಂಬಂಧಾ ತಿಳಿಯಾತು. ಒಂದೇ ಛಾವಣಿ ಕೆಳಗ ಇದ್ರನ ಪ್ರೀತಿ ಅಂತ ಹಟಾ ಹಿಡೀಬ್ಯಾಡ್ರಿ. ಹತ್ತು ಹೆಜ್ಜಿ ಅಂತರಾ ಎಷ್ಟೋ ತಾಯಿ-ಮಗಳ, ಅತ್ತಿ-ಸೊಸಿ ಸಂಬಂಧಾ ಉಳಿಸ್ಯಾವ.

ಹೊಲದ ಕರಾರು ಮುಂದ ಯಾಕ ಕಡಿಮಿ ಆತು? ಪಿಂಚಣಿ ಬಂತು. ಜರ್ಮನಿಯೊಳಗ 1889ರಾಗ ಮುಪ್ಪಿನ ವಿಮಾ ಕಾಯದೆ ಆತು, ಎಪ್ಪತ್ತು ತುಂಬಿದವರಿಗೆ ರೊಕ್ಕಾ. ಬ್ರಿಟನ್ನದಾಗ 1908ರ ಕಾಯದೆ ಪ್ರಕಾರ 1909ರ ಜನವರಿಯಿಂದ ಎಪ್ಪತ್ತರ ಮ್ಯಾಲಿನ ಬಡವರಿಗೆ ಪಿಂಚಣಿ ಸುರು ಆತು. ಹಾಲು-ಕಾಳಿನ ಬದಲಿ ಕೈಯಾಗ ರೊಕ್ಕಾ ಬಂದ್ರ ಮಗನ ಮಾರಿ ನೋಡೂ ಪ್ರಸಂಗಾ ಕಡಿಮಿ. ಮಕ್ಕಳು ಕಾರಖಾನಿ ಊರಿಗೆ ಹೋದ್ರು, ಅಂಗಳದ ಸಣ್ಣ ಮನಿ ಖಾಲಿ ಬಿದ್ವು.

ಆದ್ರ ರೊಕ್ಕಾ ಇದ್ರೂ ಮುಪ್ಪಿನಾಗ ಮಂದಿ ಬೇಕಲ್ಲ. ಅದಕ್ಕ ಹಿತ್ತಲ ಮನಿ ಮತ್ತ ಬಂತು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಾಗ 1970ರ ದಶಕದಾಗ ಸರಕಾರಾನ ಒಂದು ಯೋಜನಾ ತಂತು. ಕಾರಖಾನ್ಯಾಗ ತಯಾರಾದ ಸಣ್ಣ ಮನಿ ಮಗನ ಇಲ್ಲಾ ಮಗಳ ಹಿತ್ತಲಕ್ಕ ತಂದು ಇಡೂದು, ಹಿರ್ಯಾರಿಂದ ಬಾಡಿಗಿ ತಗೊಳ್ಳೂದು, ಬ್ಯಾಡಾದ ಮ್ಯಾಲ ಎತ್ತಿ ಇನ್ನೊಬ್ಬರ ಹಿತ್ತಲಕ್ಕ ಒಯ್ಯೂದು. ಅದಕ್ಕ ಗ್ರ್ಯಾನಿ ಫ್ಲ್ಯಾಟ್ ಅಂತಾರ. ಅಮೇರಿಕಾದ ಕ್ಯಾಲಿಫೋರ್ನಿಯಾ ರಾಜ್ಯ 2017ರಿಂದ ಕಾಯದೆ ಸಡಲ ಮಾಡಿಕೋತ ಬಂತು. 2020ರಿಂದ ಅಂತೂ ಗಡಿಯಿಂದ ನಾಕು ಫೂಟು ಬಿಟ್ಟು 800 ಚದರ ಫೂಟಿನ ಹಿತ್ತಲ ಮನಿ ಕಟ್ಟೂದನ್ನ ಊರ ಆಡಳಿತದವರು ತಡಿಯೂಹಂಗಿಲ್ಲ. ಅರ್ಜಿಗೆ 60 ದಿನದಾಗ ಉತ್ತರಾ ಕೊಡಬೇಕು. ಎ.ಡಿ.ಯು. ಅಂತ ನಮ್ಮ ಹುಡುಗರು ಫೋನಿನ್ಯಾಗ ಹೇಳ್ತಿರ್ತಾರಲ್ಲ, ಅದು ಇದ. ಸ್ಯಾನ್ ಹೋಸೆ, ಫ್ರೀಮಾಂಟ್ ಕಡೆ ಇದ್ದ ನಮ್ಮ ಕನ್ನಡದ ಮನಿಗಳೊಳಗೂ ಅಪ್ಪ-ಅವ್ವ ಬಂದ್ರ ಇರ್ಲಿಕ್ಕೆ ಅಂತ ಇದನ್ನ ಕಟ್ಟಸೂ ಮಾತು ನಡದಿರ್ತದ.

ಆಸ್ಟ್ರೇಲಿಯಾದವರು ಬರೇ ಮನಿ ಕೊಟ್ಟು ಸುಮ್ಮನಾಗ್ಲಿಲ್ಲ. ತಮ್ಮ ಮನಿ ಮಾರಿ, ಆ ರೊಕ್ಕಾ ಮಕ್ಕಳಿಗೆ ಕೊಟ್ಟು, ಅವರ ಹಿತ್ತಲದಾಗ ಇರ್ಲಿಕ್ಕೆ ಬಂದ ಹಿರ್ಯಾರ ಗತಿ ಏನು ಅನ್ನೋ ಪ್ರಶ್ನಿ ಬಂತು. ಮಗಳ ಸೋಡಚೀಟಿ ಆತು, ಇಲ್ಲಾ ಮಗ ಮನಿ ಮಾರಿದ, ಮುದಕಿ ಎಲ್ಲಿಗೆ ಹೋಗಬೇಕು? ಅವರ ಪಿಂಚಣಿ ನಿಯಮದಾಗ "ಗ್ರ್ಯಾನಿ ಫ್ಲ್ಯಾಟ್ ಹಕ್ಕು" ಅನ್ನೋದು ಅದ, ಅಂದ್ರ ರೊಕ್ಕಾ ಇಲ್ಲಾ ಆಸ್ತಿ ಕೊಟ್ಟದ್ದಕ್ಕ ಬದಲಿ ಜೀವ ಇರೂತನಕಾ ಅಲ್ಲಿ ಇರೂ ಹಕ್ಕು. 2021ರ ಜುಲೈ 1ರಿಂದ ಹಿಂಥಾ ಒಪ್ಪಂದಾ ಬರಹದಾಗ ಇದ್ರ ಆಸ್ತಿ ಲಾಭದ ತೆರಿಗಿ ಬೀಳೂದಿಲ್ಲ ಅಂತ ಮಾಡಿದ್ರು. ತೆರಿಗಿಗೆ ಅಂಜಿ ಮಂದಿ ಬರೀಲಾರದ ಬಿಡ್ತಿದ್ರು, ಅದರಿಂದ ಹಿರ್ಯಾರಿಗೆ ಮೋಸಾ ಆಗ್ತಿತ್ತು ಅಂತ. ಏಳುನೂರು ವರ್ಷದ ಮ್ಯಾಲ ಮಾತು ತಿರುಗಿ ಅಲ್ಲಿಗೇ ಬಂತು ನೋಡ್ರಿ. ಬರೀರಿ, ಬರದು ಇಡ್ರಿ.

ಇನ್ನ ಒಂದು ಹಕ್ಕು ಹಳೇ ಕರಾರಿನೊಳಗ ಕಾಣೂದಿಲ್ಲ. ಅದು ಮೈಗೆ ಸಂಬಂಧಪಟ್ಟದ್ದು. ಕಟಿಗಿ, ಹಾಲು ಬರದವರು ಹೊಸ್ತಿಲಾ ಎಷ್ಟು ಎತ್ತರ ಇರಬೇಕು ಅಂತ ಬರೀಲಿಲ್ಲ. ಅದರ ಲೆಕ್ಕಾ ಸುರು ಆದದ್ದು ಎರಡನೇ ಮಹಾಯುದ್ಧದಾಗ ಕಾಲು ಹೋದ ಸೈನಿಕರಿಂದ. ಅಮೇರಿಕಾದ ಇಲಿನಾಯ್ ವಿಶ್ವವಿದ್ಯಾಲಯದಾಗ ಟಿಮೊಥಿ ನ್ಯೂಜೆಂಟ್ ಅನ್ನೋರು 1948ರಿಂದ ಗಾಲಿಕುರ್ಚಿ ಮ್ಯಾಲಿನ ಹುಡುಗರಿಗೆ ಓದ್ಲಿಕ್ಕೆ ಅನುಕೂಲಾ ಮಾಡಿಕೊಟ್ಟು, ಬಾಗಲಾ, ಇಳಕಲಾ, ಸಂಡಾಸ ಎಲ್ಲಾ ಅಳತಿ ಮಾಡಿದ್ರು. ಆ ಕೆಲಸದಿಂದ 1961ರಾಗ ಅಮೇರಿಕಾದ ಮೊದಲನೇ ಅಳತಿ ನಿಯಮಾ ಹೊರಬಿತ್ತು. ಆಮ್ಯಾಲ ಬಂದವರು ರೊನಾಲ್ಡ್ ಮೇಸ್. ಒಂಬತ್ತನೇ ವಯಸ್ಸಿಗೆ ಪೋಲಿಯೋ ಆಗಿ ಗಾಲಿಕುರ್ಚಿ ಹಿಡದವರು, ಓದಿ ಆರ್ಕಿಟೆಕ್ಟ್ ಆದ್ರು. ಅಂಗವಿಕಲರಿಗೆ ಬ್ಯಾರೆ, ಉಳದವರಿಗೆ ಬ್ಯಾರೆ ಅಂತ ಕಟ್ಟೂದು ಬ್ಯಾಡ, ಎಲ್ಲಾರಿಗೂ ಒಗ್ಗೂಹಂಗ ಒಂದೇ ಕಟ್ಟೋಣು ಅಂತ ಅವರು ಹೇಳಿದ್ರು. ನಮ್ಮ ದೇಶದಾಗೂ 1995ರ, 2016ರ ಅಂಗವಿಕಲರ ಕಾಯದೆ ಬಂದಾವ. ಆದ್ರ ಅವು ಆಫೀಸು, ಸಾಳಿ, ಸ್ಟೇಶನ್ನು ಇಂಥಾ ಮಂದಿ ಓಡಾಡೂ ಕಟ್ಟಡದ ಮಾತು. ನಿಮ್ಮ ಹಿತ್ತಲಕ್ಕ ಯಾವ ಇನ್ಸ್‌ಪೆಕ್ಟರೂ ಬರೂದಿಲ್ಲ. ಅಲ್ಲಿ ಲಕ್ಷ್ಯ ಕೊಡೋರು ನೀವ.

ಅದಕ್ಕ ಗೌಂಡಿಗೆ ಹೇಳೂ ಅಳತಿ ಇಲ್ಲೇ ಬರೀತೀನಿ. ಎತ್ತರದ ಹನ್ನೆರಡರಷ್ಟು ಉದ್ದ ಇಳಕಲಾ ಇರಬೇಕು. ಪಾಯಾ ಆರು ಇಂಚು ಎತ್ತರ ಇದ್ರ ಆರು ಫೂಟು ಉದ್ದ ಇಳಕಲಾ, ಮಗ್ಗಲಕ್ಕ ಹಿಡಕೊಳ್ಳಿಕ್ಕೆ ಪೈಪು. ಬಾಗಲಾ ಚೌಕಟ್ಟು ಬಿಟ್ಟು ಮೂರು ಫೂಟು. ಬಚ್ಚಲ ಬಾಗಲಾನೂ ಅಷ್ಟ, ಮತ್ತ ಅದು ಹೊರಗ ತಗಿಯೂಹಂಗ ಇರ್ಲಿ. ಒಳಗ ಬಿದ್ರ ಮೈ ಅಡ್ಡಾಗಿ ಬಾಗಲಾ ತಗಿಯೂದಿಲ್ಲ. ಗಾಲಿಕುರ್ಚಿ ತಿರಗಬೇಕಾದ್ರ ಐದು ಫೂಟು ಉದ್ದ-ಅಗಲಾ ಖಾಲಿ ಜಾಗಾ ಬೇಕು. ಕಮೋಡು ನೆಲದಿಂದ ಒಂದೂವರಿ ಫೂಟು, ಮಗ್ಗಲ ಗ್ವಾಡಿಗೆ ಗಟ್ಟಿ ಹಿಡಿಕಿ. ಬಚ್ಚಲಕ್ಕ ಪಾಲಿಶ್ ಕಲ್ಲು ಬ್ಯಾಡೇ ಬ್ಯಾಡ, ಒರಟು ಫರ್ಸಿ ಹಾಕಸ್ರಿ.

ಹೊಸ್ತಿಲದ ಮಾತು ಬಂದ್ರ ಮನಿ ಮಂದಿ ತಕರಾರು ಮಾಡ್ತಾರ. ಹೊಸ್ತಿಲಾ ಇಲ್ಲದ ಮನಿ ಯಾತರ ಮನಿ, ಅರಿಷಿಣ-ಕುಂಕುಮ ಎಲ್ಲಿ ಹಚ್ಚೂದು ಅಂತ. ನೆಲದ ಮಟ್ಟಕ್ಕ ಸರಿಯಾಗಿ ಒಂದು ಕಟಿಗಿ ಪಟ್ಟಿ ಇಲ್ಲಾ ಕಲ್ಲಿನ ಪಟ್ಟಿ ಕೂಡಸ್ರಿ. ಅದಕ್ಕ ಅರಿಷಿಣಾ ಹಚ್ಚಲಿಕ್ಕೆ ಬರ್ತದ, ಅವ್ವ ಎಡವೂದಿಲ್ಲ. ಹೊಸ್ತಿಲದ ಗೌರವಾ ಎತ್ತರದಾಗಿಲ್ಲ. ಮುಖ್ಯ, ಹಿತ್ತಲ ಮನಿಯಿಂದ ದೊಡ್ಡ ಮನಿಗೆ ಬರೂ ದಾರಿ. ಅದು ಸಮ ಇರ್ಲಿ, ಮಳಿಗಾಲದಾಗ ಪಾಚಿ ಹಿಡಿಬಾರದು, ರಾತ್ರಿ ದೀಪಾ ಇರ್ಲಿ. ಅಲ್ಲಿ ಜರ್ಮನಿ ಮುದಕಿ ಬಾಂವಿ ದಾರಿ ಬರಸಿದಂಗ, ಇಲ್ಲಿ ಅವ್ವಗ ದೇವರ ಖೋಲಿ ದಾರಿ. ಆ ದಾರಿ ಕಷ್ಟ ಆತಂದ್ರ ಆಕಿ ದೊಡ್ಡ ಮನಿಗೆ ಬರೂದು ಬಿಡ್ತಾಳ. ಆವಾಗ "ಹಿತ್ತಲಕ್ಕ ಹಾಕಿದ್ರು" ಅನ್ನೋ ಓಣಿ ಮಾತು ಖರೇ ಆಗ್ತದ.

ಕಾಯದೆ ಮಾತಿಗೆ ಬರ್ತೀನಿ. ಅಪ್ಪ-ಅವ್ವನ್ನ ನೋಡಿಕೊಳ್ಳೋದು ಗಂಡು ಮಕ್ಕಳಿಗಷ್ಟ ಅಲ್ಲ, ಹೆಣ್ಣುಮಕ್ಕಳಿಗೂ ಅದ ಅಂತ 1956ರ ದತ್ತಕ-ಪೋಷಣೆ ಕಾಯದೆನ ಹೇಳ್ತದ. ಲಗ್ನಾದ ಮಗಳಿಗೂ ಇದು ಬಿಡೂದಿಲ್ಲ ಅಂತ 1987ರಾಗ ಸುಪ್ರೀಂ ಕೋರ್ಟು ಹೇಳೇದ. 2007ರಾಗ ತಂದಿ-ತಾಯಿ ಮತ್ತು ಹಿರಿಯ ನಾಗರಿಕರ ಪೋಷಣೆ ಕಾಯದೆ ಬಂತು. ಅದರ ಪ್ರಕಾರ ಉಪವಿಭಾಗಾಧಿಕಾರಿ ದರ್ಜೆ ಅಧಿಕಾರಿ ಮುಂದ ಹಿರ್ಯಾರು ಅರ್ಜಿ ಕೊಡಬಹುದು. ಅದರ 23ನೇ ಕಲಮು ಎಲ್ಲಾರೂ ತಿಳ್ಕೋಬೇಕು. ನನ್ನ ಮೂಲಭೂತ ಬೇಕು-ಬೇಡಾ ನೋಡಿಕೊಳ್ಳಬೇಕು ಅನ್ನೋ ಶರತ್ತಿನ ಮ್ಯಾಲ ಆಸ್ತಿ ದಾನಪತ್ರಾ ಮಾಡಿಕೊಟ್ಟಿದ್ದು, ತಗೊಂಡವರು ನೋಡಿಕೊಳ್ಳಲಿಲ್ಲಂದ್ರ, ಆ ದಾನಾನ ರದ್ದು ಮಾಡಸಬಹುದು. ಇಂಗ್ಲಂಡದ ಮುದಕಿ ಹೊಲಾ ತಿರುಗಿ ತಗೊಂಡಂಗ. ಆದ್ರ ಶರತ್ತು ಪತ್ರದಾಗನ ಸ್ಪಷ್ಟ ಬರದಿದ್ರ ಅವ್ವಗ ಕೋರ್ಟು-ಕಚೇರಿ ತ್ರಾಸು ತಪ್ಪತದ. "ಪ್ರೀತಿ ವಿಶ್ವಾಸದಿಂದ ಕೊಟ್ಟೀನಿ" ಅಂತಷ್ಟ ಬರದ್ರ ಓದ್ಲಿಕ್ಕೆ ಛಂದ, ಆಪತ್ತಿಗೆ ಉಪಯೋಗ ಕಡಿಮಿ.

ಹಿತ್ತಲ ಮನಿ ಕಟ್ಟೂ ಮನಿಗಳೊಳಗ ಭಾಳ ಸರ್ತಿ ರೊಕ್ಕಾ ಅವ್ವಂದ. ಆಕಿ ಬಂಗಾರ, ಆಕಿ ಠೇವಣಿ, ಅಪ್ಪನ ಪಿಂಚಣಿ, ತವರಮನಿ ಪಾಲು. ಜಾಗಾ ಮಾತ್ರ ಮಗನ ಇಲ್ಲಾ ಅಳಿಯನ ಹೆಸರಿಲೆ. ಹಂಗಿದ್ರ ಗೌಂಡಿಗೆ ಮುಂಗಡಾ ಕೊಡೂಕಿಂತ ಮೊದಲ ಎಲ್ಲಾ ಅಣ್ಣ-ತಮ್ಮ-ಅಕ್ಕ-ತಂಗೇರು ಕೂಡ್ರಿ, ಅವ್ವನ್ನ ನಡುವ ಕೂಡಿಸ್ಕೊಂಡು ಮಾತಾಡ್ರಿ. ರೊಕ್ಕಾ ಯಾರದು ಎಷ್ಟು. ಜೀವ ಇರೂತನಕಾ ಅಲ್ಲಿ ಇರೂ ಹಕ್ಕು ಆಕೀದು. ಜಾಗಾ ಮಾರೂ ಪ್ರಸಂಗಾ ಬಂದ್ರ ಆಕಿ ಎಲ್ಲಿ. ಕರೆಂಟು ಬಿಲ್ಲು ಯಾರು, ಔಷಧಾ ಯಾರು, ರಾತ್ರಿ ಜಡ್ಡಾದ್ರ ಯಾರು ಏಳೋರು. ಆಕಿ ಅಕ್ಕ-ತಂಗೇರು, ತವರಿನವರು ಬಂದ್ರ ಆಕಿ ಯಾರ ಪರವಾನಗಿನೂ ಕೇಳೂಹಂಗಿಲ್ಲ. ಒಲಿ ಆಕೀದು, ಬೇಕಾದ್ರ ಹಚ್ಚತಾಳ, ಬ್ಯಾಡಾದ್ರ ದೊಡ್ಡ ಮನ್ಯಾಗ ಉಂತಾಳ. ಇಷ್ಟನ್ನ ಒಂದು ಹಾಳಿ ಮ್ಯಾಲ ಬರದು, ವಕೀಲರಿಗೆ ತೋರಿಸಿ, ರೀತಿ ಪ್ರಕಾರ ನೋಂದಣಿ ಮಾಡಸ್ರಿ. ಹಂಗ ಪಾಲಿಕೆ ಇಲ್ಲಾ ಪಂಚಾಯ್ತಿ ಪರವಾನಗಿನೂ ತಗೋರಿ. ಮುದುಕರ ಮನಿಗೆ ನಾಳೆ ನೋಟೀಸು ಬರಬಾರದು.

"ಅವ್ವನ ಸಂಗತೀಲೆ ಎಂಥಾ ಕರಾರು" ಅಂತ ಯಾರರೆ ಅಂದ್ರ, ಲಗ್ನದಾಗ ಯಾದಿ ಮಾಡೂದಿಲ್ಲೇನು ಅಂತ ಕೇಳ್ರಿ. ಎಲ್ಲಾರೂ ಖುಷಿಲೆ ಇದ್ದಾಗ ಬರದಿಟ್ಟ ಮಾತು ಯಾರಿಗೂ ಮುಳ್ಳಾಗೂದಿಲ್ಲ. ಮನಸು ಕೆಟ್ಟ ಮ್ಯಾಲ ಬರೀಲಿಕ್ಕೆ ಕೂತ್ರ ಅದು ಜಗಳದ ಕಾಗದಾ ಆಗ್ತದ.

ಮತ್ತ, ಮನಿ ಮುಗದು ವಾಸ್ತುಶಾಂತಿ ಆದ ದಿನಾ ಕೀಲಿಕೈ ಅವ್ವನ ಕೈಯಾಗ ಕೊಡ್ರಿ. ಆಪತ್ತಿಗೆ ಅಂತ ಎರಡನೇ ಕೀಲಿಕೈ ದೊಡ್ಡ ಮನ್ಯಾಗ ಇರ್ಲಿ. ಆದ್ರ ಬಾಗಲಾ ಬಡದು, "ಅವ್ವಾ, ಒಳಗ ಬರ್ಲೇನು?" ಅಂತ ಕೇಳಿ ಹೋಗ್ರಿ.